ಅಭಿಮಾನದ ಬೆಲೆ ತೆರುವವರು ಯಾರು?

ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ. ಕಾಸರಗೋಡಿನ ಕನ್ನಡ ಶಾಲೆಗಳಿಂದ ಹೊರಬರುವ ಅನೇಕ ಮಕ್ಕಳ ಬದುಕಿಗೆ ಇವು ಮೂರು ಮೆಟ್ಟಿಲು. ಮೊದಲೆರಡನ್ನು ಸಮಾಜ ಕೈಹಿಡಿದು ಹತ್ತಿಸುತ್ತದೆ. ಮೂರನೆಯದರ ಬುಡದಲ್ಲಿ ಬಿಟ್ಟುಬಿಡುತ್ತದೆ. ಇದು ನ್ಯಾಯವೇ?

1956ರ ನವೆಂಬರ್ 1ರಂದು ಈ ನಾಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದರೂ ಅದು ಜಾರಿಗೆ ಬರಲಿಲ್ಲ. ಸಂವಿಧಾನದ 350 ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುತ್ತದೆ. ಶಾಲೆ ಮುಗಿದ ಮೇಲಿನ ಅನ್ನದ ಮಾತು ಅದರಲ್ಲಿಲ್ಲ.

'ಕನ್ನಡ ಶಾಲೆ ಉಳಿಯಬೇಕು' ಎಂದು ವೇದಿಕೆಯಲ್ಲಿ ಹೇಳುವವರ ಮಕ್ಕಳು ಹಲವೊಮ್ಮೆ ಇಂಗ್ಲಿಷ್ ಶಾಲೆಯಲ್ಲಿರುತ್ತಾರೆ. ಆ ಶಾಲೆಯನ್ನು ನಿಜವಾಗಿ ಉಳಿಸುತ್ತಿರುವವರು ಬೀಡಿ ಕಟ್ಟುವವರ, ತೋಟದ ಕೂಲಿಯವರ ಮಕ್ಕಳು. ಅಭಿಮಾನ ಎಲ್ಲರದು, ಅದರ ಬೆಲೆ ಮಾತ್ರ ಬಡವರದು ಎಂದಾದರೆ ಅದು ಪರರ ಹೆಗಲ ಮೇಲಿನ ಪಲ್ಲಕ್ಕಿ ಸವಾರಿ.

ಸಹಾಯವೆಂದರೆ ಹಲವರಿಗೆ ನೆನಪಾಗುವುದು ಶಿಫಾರಸು. ಆದರೆ ಶಿಫಾರಸಿನಿಂದ ಸಿಕ್ಕಿದ ಕುರ್ಚಿ ಇನ್ನೊಬ್ಬ ಅರ್ಹನಿಂದ ಕಸಿದದ್ದು. ಕಲಿಸಿಕೊಟ್ಟ ವಿದ್ಯೆ ಯಾರಿಂದಲೂ ಕಸಿದದ್ದಲ್ಲ. ಮೇಲಾಗಿ ಶಿಫಾರಸು ಬಾಗಿಲ ತನಕ ಮಾತ್ರ ಬರುತ್ತದೆ. ಮರುದಿನ ಮೇಜಿನ ಮೇಲೆ ಬೀಳುವ ಮಲಯಾಳ ಕಡತವನ್ನು ಅದು ಓದಿಕೊಡುವುದಿಲ್ಲ. ಕನ್ನಡ, ಮಲಯಾಳ ಎರಡನ್ನೂ ಬಲ್ಲವರಿಗೆಂದೇ ಕೇರಳ ಪಿ.ಎಸ್.ಸಿ. ಈ ಜಿಲ್ಲೆಯ ಗುಮಾಸ್ತ ಹುದ್ದೆಗಳಿಗೆ ಅರ್ಜಿ ಕರೆಯುವುದುಂಟು. ಮಲಯಾಳ ಬರೆಯಲು ಬಾರದವನಿಗೆ ಆ ಬಾಗಿಲೂ ಮುಚ್ಚಿದಂತೆಯೇ.

ಮಲಯಾಳ ಕಲಿತರೆ ಕನ್ನಡ ಹೋದೀತೆಂಬ ಭಯ ಸುಳ್ಳಲ್ಲ. 2017ರಲ್ಲಿ ಸರಕಾರ ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸಹೊರಟಾಗ ಇಲ್ಲಿ ಪ್ರತಿಭಟನೆ ನಡೆದದ್ದು ಅದಕ್ಕಾಗಿಯೇ. ಆದರೆ ಹೇರಿಕೆ ಬೇರೆ, ಕಲಿಕೆ ಬೇರೆ. ಕೆಲಸ ಸಿಗದೆ ಊರು ಬಿಟ್ಟವನಿಂದ ಊರಿನ ಕನ್ನಡಕ್ಕೆ ಏನು ಬಂತು? ಪಂಚಾಯತ್ ಕಚೇರಿಯಲ್ಲಿ ಕನ್ನಡ ಬಲ್ಲ ಒಬ್ಬ ಗುಮಾಸ್ತನಿದ್ದರೆ, ಪಿಂಚಣಿ ಕೇಳಲು ಬಂದ ಅಜ್ಜಿ ತನ್ನ ಭಾಷೆಯಲ್ಲೇ ಮಾತಾಡಿಯಾಳು.

ಆದ್ದರಿಂದ ನಮ್ಮ ವಾಚನಾಲಯಗಳಲ್ಲಿ, ಯುವಕ ಸಂಘಗಳಲ್ಲಿ ವಾರಕ್ಕೆರಡು ಸಂಜೆ ಮಲಯಾಳ ಬರವಣಿಗೆ ಕಲಿಸೋಣ. ನಿವೃತ್ತ ನೌಕರರು ಕಡತದ ಭಾಷೆ ಹೇಳಿಕೊಡಲಿ. ನೆರೆಯ ಮಲಯಾಳಿ ಅಧ್ಯಾಪಕರನ್ನೂ ಕರೆಯೋಣ, ಕರೆದರೆ ಬಾರದವರಲ್ಲ. ಕೆಲಸಕ್ಕೆ ಸೇರಿದ ಹುಡುಗನಿಗೆ, ಹುಡುಗಿಗೆ ಮೊದಲ ಆರು ತಿಂಗಳು ಅಳುಕಿಲ್ಲದೆ ಸಂಶಯ ಕೇಳಲು ಒಬ್ಬರಿರಲಿ. ಎಷ್ಟೋ ಮಂದಿ ಕೆಲಸ ಬಿಡುವುದು ಬುದ್ಧಿ ಸಾಲದೆ ಅಲ್ಲ, ಕೇಳಲು ನಾಚಿ.

ಕನ್ನಡವನ್ನು ಉಳಿಸು ಎಂದು ಮಗುವಿಗೆ ಹೇಳುವ ಹಕ್ಕು, ಆ ಮಗುವಿನ ಬದುಕಿಗೂ ಹೊಣೆಯಾದವರಿಗೆ ಮಾತ್ರ ಇದೆ.