ಸೊನ್ನೆಯಿಂದ ತೊಡಗುವ ಲೆಕ್ಕವೂ ಪರಿಮಾಣವ್ರತವೂ

ಆಳಂದ ತಾಲೂಕಿನ ಸರಸಂಬಾದ ಕಡೆಯ ಒಕ್ಕಲು ಮನೆಗೆ ಹಣವು ತಿಂಗಳು ತಿಂಗಳು ಬರತಕ್ಕದ್ದಲ್ಲ. ಮುಂಗಾರಿನಲ್ಲಿ ಬಿತ್ತಿದ ತೊಗರಿಯು ರಾಶಿಯಾಗಿ ಪೇಟೆ ಸೇರಿದಾಗ ಒಮ್ಮೆಗೇ ಕೈಸೇರುತ್ತದೆ. ಅದನ್ನು ಹಂಚುವಾಗ ಗೃಹಸ್ಥನು ಹೋದ ವರುಷದ ಖರ್ಚನ್ನು ನೆನೆದು ಅದಕ್ಕೆ ಇನ್ನಷ್ಟು ಸೇರಿಸುತ್ತಾನೆ. ಹೋದ ವರುಷದ ಆ ಖರ್ಚು ಅವಶ್ಯವಾಗಿತ್ತೇ ಎಂಬ ಪ್ರಶ್ನೆ ಏಳುವುದೇ ಇಲ್ಲ.

ಈ ದೋಷಕ್ಕೆ ಪರಿಹಾರವಾಗಿ ಅಮೆರಿಕದ ಪೀಟರ್ ಪೈರ್ ಎಂಬವರು 1970ರಲ್ಲಿ ಒಂದು ಕ್ರಮವನ್ನು ಪ್ರಕಟಿಸಿದರು. ಪ್ರತಿಯೊಂದು ಬಾಬೂ ಸೊನ್ನೆಯಿಂದ ಆರಂಭವಾಗಬೇಕು. ಹಳೆಯದೆಂಬ ಕಾರಣಕ್ಕೆ ಯಾವ ಖರ್ಚಿಗೂ ಹಕ್ಕಿಲ್ಲ. ಅಧ್ಯಕ್ಷ ಕಾರ್ಟರ್ 1977ರಲ್ಲಿ ಅದನ್ನು ಆ ದೇಶದ ಆಡಳಿತಕ್ಕೆ ತಂದರು. 1981ರಲ್ಲಿ ಅದು ರದ್ದಾಯಿತು. ಮನೆಯ ಲೆಕ್ಕಕ್ಕಾದರೋ ಒಂದು ಹಾಳೆ ಸಾಕು: ಬಂದ ಹಣದ ಪ್ರತಿ ರೂಪಾಯಿಗೂ ಒಂದು ಕೆಲಸ, ಕೊನೆಗೆ ಉಳಿಯುವುದು ಸೊನ್ನೆ.

ಆಚಾರ್ಯ ಸಮಂತಭದ್ರರು ಭೋಗೋಪಭೋಗ ಪರಿಮಾಣದಲ್ಲಿ ಯಮ, ನಿಯಮ ಎಂದು ಎರಡು ಬಗೆ ಹೇಳಿದ್ದಾರೆ. ಯಮವು ಜೀವನಪರ್ಯಂತ, ನಿಯಮಕ್ಕೆ ಕಾಲದ ಅವಧಿಯುಂಟು. ಅವಧಿ ತೀರಿದೊಡನೆ ಶ್ರಾವಕನು ಮತ್ತೆ ಮೊದಲಿನಿಂದ ವಿಚಾರಿಸಿ ನಿಯಮ ತೊಡಬೇಕು. ಹಾಗೆಂದು ಎರಡೂ ಒಂದೇ ಎನ್ನುವುದು ಅವಸರದ ಮಾತು. ರೇಷ್ಮೆ ಸೀರೆ, ಹೊಸ ಮೋಟಾರು ಸೈಕಲ್ಲು ಎಲ್ಲವನ್ನೂ ಬರೆದ ಹಾಳೆಯಲ್ಲಿಯೂ ಕೊನೆಗೆ ಸೊನ್ನೆಯೇ ಬರುತ್ತದೆ. ಉಮಾಸ್ವಾಮಿಗಳು ಪರಿಗ್ರಹವೆಂದುದು ಮೂರ್ಛೆಯನ್ನು. ಹಾಳೆಯ ಮೇಲಿನ ಸೊನ್ನೆ ಅದನ್ನು ಮುಟ್ಟುವುದಿಲ್ಲ.

ಕಠಿಣವಾದ ಪ್ರಶ್ನೆ ಬೇರೆಯೇ ಇದೆ. 1980ರಲ್ಲಿ ಒಬ್ಬ ಶ್ರಾವಕನು 50,000 ರೂಪಾಯಿಗಳ ಪರಿಗ್ರಹ ಪರಿಮಾಣ ತೊಟ್ಟನೆನ್ನೋಣ. ಇಂದು ಆ ಹಣಕ್ಕೆ ಒಳ್ಳೆಯ ಒಂದು ಜೋಡಿ ಎತ್ತು ಸಿಗುವುದೂ ಕಷ್ಟ. ಮಿತಿಯನ್ನು ಏರಿಸಿದರೆ ವ್ರತಭಂಗವೇ? ಬೆಲೆ ಏರಿದಂತೆ ಅಂಕಿಯೂ ಏರಲಿ, ಇಚ್ಛೆ ಏರಿಲ್ಲವಲ್ಲ ಎಂಬ ವಾದವುಂಟು. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ತೊಗರಿಗೆ ಬೆಲೆ ಬಂದ ವರುಷವೇ ಈ ವಿಚಾರ ಹೊಳೆಯುತ್ತದೆ. ನೆಟೆರೋಗ ಬಿದ್ದ ವರುಷ ಯಾರಿಗೂ ಹೊಳೆಯುವುದಿಲ್ಲ! ಪ್ರಮಾಣ ಮೀರುವ ಅತಿಚಾರಗಳನ್ನು ಹೇಳುವಾಗ ಸೂತ್ರಕಾರರು ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯಗಳನ್ನು ಬೇರೆ ಬೇರೆಯಾಗಿ ಎಣಿಸಿದ್ದಾರೆ. ಎಕರೆ, ತೊಲ, ಚೀಲಗಳಲ್ಲಿ ತೊಟ್ಟ ಮಿತಿಯು ಪೇಟೆಯ ಧಾರಣೆಯೊಡನೆ ಕುಗ್ಗದು. ರೂಪಾಯಿಯಲ್ಲೇ ತೊಟ್ಟವನು ತನಗೆ ತಾನೇ ನ್ಯಾಯಾಧೀಶನಾಗದೆ, ಮುನಿಗಳ ಸನ್ನಿಧಿಯಲ್ಲಿ ನಿವೇದಿಸಿಕೊಳ್ಳುವುದು ಲೇಸು.

ಹಾಳೆಯ ಕೊನೆಯ ಸಾಲಿನಲ್ಲಿಯೂ ಭೇದವಿದೆ. ಸಾಮಾನ್ಯ ಲೆಕ್ಕದಲ್ಲಿ ಮಿಕ್ಕಿದ್ದು ಉಳಿತಾಯಕ್ಕೆ ಹೋಗುತ್ತದೆ. ಶ್ರಾವಕನ ಮಿತಿ ತುಂಬಿದ ದಿನ ಆ ಸಾಲು ಮುಚ್ಚುತ್ತದೆ. ಅಲ್ಲಿಂದ ಮುಂದಿನದು ಆಹಾರ, ಔಷಧ, ಶಾಸ್ತ್ರ, ಅಭಯದಾನಗಳ ಬಾಬಿಗೆ ಸೇರತಕ್ಕದ್ದು.