ಒಂದು ರೂಪಾಯಿಗೆ ಎಷ್ಟು ಆರೋಗ್ಯ?

ಜೀವಕ್ಕೆ ಬೆಲೆ ಕಟ್ಟಲಾಗದು ಎಂದು ನಾವೆಲ್ಲ ಹೇಳುತ್ತೇವೆ. ಹೇಳುತ್ತಲೇ ದಿನವೂ ಬೆಲೆ ಕಟ್ಟುತ್ತೇವೆ. ಹೃದ್ರೋಗದ ಚಿಕಿತ್ಸೆಗೆ ಇಷ್ಟು, ಕುಡಿಯುವ ನೀರಿಗೆ ಇಷ್ಟು ಎಂದು ಬಜೆಟ್ಟಿನಲ್ಲಿ ಬರೆಯುವಾಗ ಸರಕಾರ ಬೆಲೆ ಕಟ್ಟುತ್ತದೆ. ಜುಮಾ ನಮಾಝಿನ ನಂತರ ಒಬ್ಬ ರೋಗಿಯ ಆಪರೇಷನ್ನಿಗಾಗಿ ಚಂದಾ ಎತ್ತುವ ಜಮಾಅತ್, ಕೇಳದೇ ಉಳಿದ ಇನ್ನೊಬ್ಬ ರೋಗಿಯ ಪಾಲನ್ನೂ ಆಗಲೇ ತೀರ್ಮಾನಿಸಿರುತ್ತದೆ. ಹಾಗಿರುವಾಗ, ಹೆಚ್ಚುವರಿ ಒಂದು ರೂಪಾಯಿಯಿಂದ ಎಷ್ಟು ಆರೋಗ್ಯ ಸಿಕ್ಕೀತು ಎಂದು ಕೇಳುವುದು ಹೃದಯಹೀನತೆಯೇ?

ಈ ಪ್ರಶ್ನೆಗೆ ನಮ್ಮ ಕರ್ನಾಟಕದಲ್ಲೇ ಎರಡು ಉತ್ತರಗಳಿವೆ. 2010ರಲ್ಲಿ ಬಂದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಉತ್ತರದ ಜಿಲ್ಲೆಗಳಿಗೆ ಮಾತ್ರ ಸಿಕ್ಕಿತು. ದಕ್ಷಿಣದವರು 2012ರವರೆಗೆ ಕಾಯಬೇಕಾಯಿತು. ಗಡಿಯ ಆಚೀಚೆಯ ಹಳ್ಳಿಗಳನ್ನು ಸಂಶೋಧಕರು ಹೋಲಿಸಿ ನೋಡಿದರು. ಯೋಜನೆಯಿದ್ದ 300 ಹಳ್ಳಿಗಳ ಬಡ ಕುಟುಂಬಗಳಲ್ಲಿ, ಅದರ ವ್ಯಾಪ್ತಿಗೆ ಬರುವ ಹೃದ್ರೋಗ, ಕ್ಯಾನ್ಸರಿನಂಥ ಕಾಯಿಲೆಗಳಿಂದಾದ ಸಾವಿನ ಪ್ರಮಾಣ ಶೇ. 0.32. ಇಲ್ಲದ 272 ಹಳ್ಳಿಗಳಲ್ಲಿ ಶೇ. 0.90. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಇದನ್ನು ಪ್ರಕಟಿಸಿತು. ಆಸ್ಪತ್ರೆಗಾಗಿ ಜನರ ಕೈಯಿಂದ ಹೋಗುವ ಹಣವೂ ಮೂರನೇ ಒಂದರಷ್ಟು ಇಳಿದಿತ್ತು.

ಇನ್ನೊಂದು ಅಧ್ಯಯನ ಗುಲ್ಬರ್ಗ ಮತ್ತು ಮೈಸೂರು ಜಿಲ್ಲೆಗಳದ್ದು. 2021ರಲ್ಲಿ ಹೊರಬಂದ ಇದರಲ್ಲಿ 435 ಹಳ್ಳಿಗಳ ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿದ್ದವು. ಬಡತನ ರೇಖೆಗಿಂತ ಮೇಲಿದ್ದ ಇವರಿಗೆ ಚೀಟಿ ಎತ್ತಿದಂತೆ ಸರಕಾರಿ ಆಸ್ಪತ್ರೆ ವಿಮೆಯ ಅವಕಾಶವನ್ನು ಹಂಚಲಾಯಿತು. ಚಿಕಿತ್ಸೆ ಪಡೆಯುವವರು ಹೆಚ್ಚಿದರು. ಆದರೆ ಮೂರೂವರೆ ವರ್ಷ ಕಳೆದರೂ ಆರೋಗ್ಯದಲ್ಲಿ ಎದ್ದು ಕಾಣುವ ಸುಧಾರಣೆ ಅಳತೆಗೆ ಸಿಗಲಿಲ್ಲ. ವಿಮೆ ಇದ್ದೂ ಬಳಸಲಾಗದೆ ಹೋದವರು ಅನೇಕರು. ಸಣ್ಣ ಪ್ರಯೋಜನ ಇದ್ದಿರಲಾರದು ಎಂದು ಹೇಳಲಾಗದು ಎಂದು ಅಧ್ಯಯನಕಾರರೇ ಎಚ್ಚರಿಸಿದ್ದಾರೆ.

ಎರಡೂ ಆರೋಗ್ಯದ ಖರ್ಚೇ. ಫಲ ಮಾತ್ರ ಬೇರೆ ಬೇರೆ. ಒಂದು ಕಡೆ ಹಣ ಬಡವನ ಮಾರಕ ರೋಗಕ್ಕೆ ಹೋಯಿತು, ಇನ್ನೊಂದು ಕಡೆ ಹೇಗೋ ಆಸ್ಪತ್ರೆ ಸೇರಬಲ್ಲವರಿಗೂ ಹೋಯಿತು. ಆದ್ದರಿಂದ ‘ಎಷ್ಟು ಕೋಟಿ ಕೊಟ್ಟೆವು’ ಎಂಬ ಭಾಷಣಕ್ಕೆ ನಾವು ಚಪ್ಪಾಳೆ ತಟ್ಟುವ ಮೊದಲು ‘ಯಾರಿಗೆ, ಯಾವುದಕ್ಕೆ’ ಎಂದು ಕೇಳಬೇಕು.

ಆದರೆ ಲೆಕ್ಕಕ್ಕೂ ಕುರುಡುತನವಿದೆ. ಕಳವಾರ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ನಮ್ಮ ಸೀಮೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಕೊಳವೆಬಾವಿ ಆಳಕ್ಕಿಳಿದಂತೆ ನೀರಿನಲ್ಲಿ ಫ್ಲೋರೈಡ್ ಕಾಣಿಸಿಕೊಂಡಿತು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ದೊಡ್ಡವರ ಮಂಡಿ, ಬೆನ್ನು ಬಿಗಿಯುತ್ತದೆ. ಬಾಗಿದ ಮೂಳೆಯನ್ನು ನೇರ ಮಾಡುವ ಔಷಧಿ ಯಾವ ಆಸ್ಪತ್ರೆಯಲ್ಲೂ ಇಲ್ಲ. ಇಲ್ಲಿ ಆರೋಗ್ಯ ಕೊಳ್ಳುವ ರೂಪಾಯಿ ಆರೋಗ್ಯ ಇಲಾಖೆಯದ್ದಲ್ಲ, ನೀರಿನದ್ದು. ಇದರಿಂದ ಜನ ತಟ್ಟನೆ ಸಾಯುವುದಿಲ್ಲ. ಬರೀ ಸಾವುಗಳನ್ನು ಎಣಿಸುವ ಲೆಕ್ಕದಲ್ಲಿ ಕೂತರೆ ಏಳಲಾಗದ ಅಜ್ಜಿ ಬರುವುದೇ ಇಲ್ಲ.

ಆ ಕೊರತೆ ತುಂಬಲು 1993ರ ವಿಶ್ವಬ್ಯಾಂಕ್ ವರದಿ ನರಳಿಕೆಯಲ್ಲಿ ಕಳೆದ ವರ್ಷಗಳನ್ನೂ ಎಣಿಸುವ ಅಳತೆಗೋಲು ತಂದಿತು. ಅದರಲ್ಲಿ ದುಡಿಯುವ ಪ್ರಾಯದವರ ಒಂದು ವರ್ಷಕ್ಕೆ ಶಿಶು ಮತ್ತು ವೃದ್ಧರ ಒಂದು ವರ್ಷಕ್ಕಿಂತ ಹೆಚ್ಚು ತೂಕವಿತ್ತು! ಟೀಕೆಗಳು ಬಂದವು. 2012ರಲ್ಲಿ ಪ್ರಕಟವಾದ ಜಾಗತಿಕ ರೋಗಭಾರದ ಅಧ್ಯಯನ ಆ ತಾರತಮ್ಯವನ್ನು ಕೈಬಿಟ್ಟಿತು. ತಕ್ಕಡಿ ಹಿಡಿದ ಕೈಯಲ್ಲೂ ಪಕ್ಷಪಾತ ಇರಬಹುದು, ಪ್ರಶ್ನಿಸಿದರೆ ತಿದ್ದಲೂಬಹುದು ಎಂಬುದಕ್ಕೆ ಇದೇ ಸಾಕ್ಷಿ.

ಲೆಕ್ಕ ಹಾಕುವುದೇ ಬೇಡ ಎನ್ನುವವರು ಕರುಣಾಳುಗಳಂತೆ ಕಾಣುತ್ತಾರೆ. ಆದರೆ ಲೆಕ್ಕವಿಲ್ಲದ ಕಡೆ ಹಣ ಹೋಗುವುದು ಗಟ್ಟಿ ದನಿಯವರ ಕಡೆಗೆ. ಕಣ್ಣೆದುರಿನ ರೋಗಿಗೆ ಕೈ ಚಾಚುವುದು ಮನುಷ್ಯ ಧರ್ಮ, ಅದನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಸಾರ್ವಜನಿಕ ಹಣ ಅಮಾನತ್ತು. ಅದನ್ನು ಖರ್ಚು ಮಾಡುವವರು ಕಣ್ಣಿಗೆ ಬೀಳದ ರೋಗಿಗೂ ಉತ್ತರ ಕೊಡಬೇಕು. ಆ ಉತ್ತರವನ್ನು ಕೇಳುವ ಹೊಣೆ ನಮ್ಮದು.