ಆ ನಾಲ್ಕು ಜನ

ಆ ಹುಡುಗನಿಗೆ ಚಹಾ ಕೊಟ್ಟೆ. ಮನೆ ಕೊಡಲಿಲ್ಲ.

ಹೋದ ಮಳೆಗಾಲದ ಮಾತು. ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆಯ ಮಹಡಿ ಖಾಲಿಯಾಗಿತ್ತು. ಗೇಟಿಗೆ ತೂಗುಹಾಕಿದ್ದ ‘ಮನೆ ಬಾಡಿಗೆಗೆ ಇದೆ’ ಬೋರ್ಡು ನೋಡಿ ಬಂದವನು ಮಣಿಪುರದವನು. ಇಲ್ಲೇ ಕಾಲೇಜಿನಲ್ಲಿ ಓದುತ್ತಿದ್ದ. ನನ್ನ ಕಿರಿಯ ಮಗನಷ್ಟೇ ವಯಸ್ಸು. ಒದ್ದೆ ಷೂ ಹೊರಗೇ ಬಿಟ್ಟು ಬಂದು ಕುರ್ಚಿಯ ತುದಿಯಲ್ಲಿ ಕೂತ. ‘ಬಾಡಿಗೆ ಎಷ್ಟು ಸರ್’ ಎಂದು ಕನ್ನಡದಲ್ಲೇ ಕೇಳಿದ. ಹೇಳಿದೆ, ಒಪ್ಪಿದ. ಅಡ್ವಾನ್ಸ್ ಹೇಳಿದೆ, ಅದಕ್ಕೂ ಒಪ್ಪಿದ. ಬೇಡ ಎನ್ನಲು ನನ್ನ ಬಳಿ ಏನೂ ಉಳಿಯಲಿಲ್ಲ. ಆಗ ಚಹಾ ತರಿಸಿದೆ. ಅವನು ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಮಾತು ಹೊಳೆದಿತ್ತು: ‘ಮನೇಲಿ ಒಂದು ಮಾತು ಕೇಳಿ ಫೋನ್ ಮಾಡ್ತೀನಪ್ಪಾ.’

ಮನೆಯಲ್ಲಿ ಕೇಳುವುದೇನೂ ಇರಲಿಲ್ಲ. ಹೆಂಡತಿ ಬಾಗಿಲ ಬಳಿಯೇ ನಿಂತಿದ್ದಳು. ಹುಡುಗನಿಗೂ ಅದು ತಿಳಿದಿರಬೇಕು. ಎದ್ದು ನಮಸ್ಕಾರ ಮಾಡಿ ಹೋದ. ಅವನು ನಂಬರು ಕೊಡಲಿಲ್ಲ, ನಾನು ಕೇಳಲಿಲ್ಲ.

ತಂಗಿಯ ಮಗ ಒಸಾಕಾದಲ್ಲಿ ನೌಕರಿ ಮಾಡುತ್ತಾನೆ. ಅದೇ ಭಾನುವಾರ ವಿಡಿಯೊ ಕರೆ ಮಾಡಿದವನು ನಗುತ್ತಲೇ, ‘ಟ್ರೇನು ಎಷ್ಟೇ ರಶ್ ಇರ್ಲಿ ಮಾಮಾ, ನನ್ನ ಪಕ್ಕದ ಸೀಟು ಮಾತ್ರ ಖಾಲಿ’ ಎಂದ. ತಂಗಿಗೆ ನಗು ಬರಲಿಲ್ಲ. ‘ನಿಂಗೇನು ರೋಗ ಅಂಟೈತಂತಾ?’ ಎಂದು ಸಿಡುಕಿದಳು. ಮೊದಲ ಸಲ ಮನೆ ಹುಡುಕುವಾಗ ಮೂರು ಕಡೆ ಇಲ್ಲ ಎಂದಿದ್ದರಂತೆ. ಗದರಿ ಅಲ್ಲ, ಸೊಂಟ ಬಗ್ಗಿಸಿ, ಕ್ಷಮೆ ಕೇಳಿ. ಇವನೊಬ್ಬನ ಹಣೆಬರಹವೂ ಅಲ್ಲ. ಜಪಾನಿನ ನ್ಯಾಯ ಸಚಿವಾಲಯವೇ 2017ರಲ್ಲಿ ಹೊರತಂದ ಸಮೀಕ್ಷೆಯಲ್ಲಿ, ಹಿಂದಿನ ಐದು ವರ್ಷಗಳಲ್ಲಿ ಮನೆ ಹುಡುಕಿದ್ದ ವಿದೇಶಿಯರ ಪೈಕಿ ನೂರಕ್ಕೆ 39 ಮಂದಿ, ವಿದೇಶಿ ಎಂಬ ಕಾರಣಕ್ಕೇ ಮನೆ ಸಿಗಲಿಲ್ಲ ಎಂದಿದ್ದರು. ತಂಗಿ ಬೈಯುತ್ತಿದ್ದಳು. ಹೆಂಡತಿ ನನ್ನ ಮುಖ ನೋಡಿದಳು. ನಾನು ಮೊಬೈಲಿನ ಸೌಂಡು ಸರಿಮಾಡಿದೆ.

ಆ ಮಣಿಪುರದ ಹುಡುಗನ ಮೇಲೆ ನನಗೆ ಸಿಟ್ಟಿರಲಿಲ್ಲ, ಹೇಸಿಗೆಯಿರಲಿಲ್ಲ. ನಿಜ ಹೇಳಬೇಕೆಂದರೆ ಹಿಡಿಸಿದ್ದ. ನನ್ನನ್ನು ತಡೆದದ್ದು ಒಂದೇ ಮಾತು: ನಾಲ್ಕು ಜನ ಏನಂದಾರು?

ಈ ‘ನಾಲ್ಕು ಜನ’ ನನ್ನನ್ನು ಹುಟ್ಟಿದಾಗಿನಿಂದ ಬಲ್ಲರು. ಎಷ್ಟು ಓದಬೇಕು, ಮಗಳ ಮದುವೆಗೆ ಎಷ್ಟು ಊಟ ಹಾಕಿಸಬೇಕು, ಎಷ್ಟು ಅಳಬೇಕು, ಎಲ್ಲ ಅವರದೇ ಲೆಕ್ಕ. ಜಪಾನಿನಲ್ಲೂ ಅವರಿದ್ದಾರೆ. ಅಲ್ಲಿ ಅವರ ಹೆಸರು ‘ಸೆಕೆನ್’. ಸೆಕೆನ್ ನೋಡುತ್ತಿದೆ, ಸೆಕೆನ್ ನಕ್ಕೀತು ಎಂದು ಅಲ್ಲಿನ ತಾಯಂದಿರೂ ಮಕ್ಕಳನ್ನು ಎಚ್ಚರಿಸುತ್ತಾರೆ. ಆ ಪದದ ಬೇರು ಹುಡುಕಿದರೆ ನಮ್ಮ ಹಿತ್ತಲಿಗೇ ಬರುತ್ತದೆ. ಬೌದ್ಧ ಗ್ರಂಥಗಳು ಚೀನೀ ಭಾಷೆಗೆ ಹೋದಾಗ ಸಂಸ್ಕೃತದ ‘ಲೋಕ’ಕ್ಕೆ ಇಟ್ಟ ಅನುವಾದ ಅದು. ದಾಟಿ ಹೋಗಬೇಕಾದ, ನೆಚ್ಚಬಾರದ ಲೋಕ. ಬುದ್ಧ ಬಿಟ್ಟು ಹೋಗು ಎಂದದ್ದು ಎದುರುಮನೆಯವರ ಕಿಟಕಿಯಾಗಿ ಕೂತುಬಿಟ್ಟಿದೆ, ಅಲ್ಲೂ, ಇಲ್ಲೂ.

ಈ ಕಿಟಕಿ ಹೊರಗಿನವರನ್ನಷ್ಟೇ ಕಾಯುವುದಿಲ್ಲ. ತನ್ನದು ಹುಟ್ಟಿನಿಂದಲೇ ಕಂದು ಕೂದಲು ಎನ್ನುತ್ತಿದ್ದ ಒಸಾಕಾದ ಹುಡುಗಿಗೆ, ಎಲ್ಲರಂತೆ ಕಪ್ಪು ಬಣ್ಣ ಹಚ್ಚಿಕೊಂಡು ಬಾ ಎಂದು ಶಾಲೆಯವರು ಮತ್ತೆ ಮತ್ತೆ ಹೇಳಿದ್ದರಿಂದ 2017ರಲ್ಲಿ ಆಕೆ ಕೋರ್ಟು ಹತ್ತಿದಳು. ಅಪ್ಪಟ ಜಪಾನಿ ಹುಡುಗಿಯೇ. ಇಲ್ಲಿ ಬೇರೆ ಜಾತಿಯ ಹುಡುಗನನ್ನು ಮದುವೆಯಾದ ಹುಡುಗಿಯ ತವರಿಗೆ ಲಗ್ನಪತ್ರಿಕೆಗಳು ಬರುವುದು ಹೇಗೆ ಸದ್ದಿಲ್ಲದೆ ನಿಂತುಹೋಗುತ್ತದೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ನನ್ನಪ್ಪನೂ ಹೊರಗಿನವನೇ. ರಾಣೆಬೆನ್ನೂರಿನಿಂದ ಹರಿಹರಕ್ಕೆ ಬಂದವನು. ಇಂದು ಇದನ್ನು ಕೇಳಿದರೆ ಮಕ್ಕಳು ನಗುತ್ತಾರೆ, ಬಸ್ಸು ಹತ್ತಿದರೆ ಅರ್ಧ ಮುಕ್ಕಾಲು ಗಂಟೆ. ಆದರೆ 1956ರ ತನಕ ತುಂಗಭದ್ರೆಯ ಆಚೆ ದಡ ಮುಂಬೈ ಪ್ರಾಂತ್ಯ, ಈಚೆ ದಡ ಮೈಸೂರು. ಹರಿಹರದಲ್ಲಿ 1941ರಲ್ಲಿ ಶುರುವಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಯಂತ್ರಗಳು ತಯಾರಾಗುತ್ತಿದ್ದವು. ಅಲ್ಲಿ ಅಪ್ಪನಿಗೆ ಕೆಲಸ ಸಿಕ್ಕಿತು, ಊರಲ್ಲಿ ಮನೆ ಸಿಗಲಿಲ್ಲ. ‘ಯಾವ ಪೈಕಿ?’ ಎಂದು ಮೊದಲು ಕೇಳುತ್ತಿದ್ದರು. ಪೈಕಿ ಹೊಂದಿದರೂ ‘ಹೊಳೆ ಆಚೆಯೋರು’ ಎಂದು ಹಿಂಜರಿಯುತ್ತಿದ್ದರು. ಅದೇ ಕನ್ನಡ, ಅದೇ ರೊಟ್ಟಿ. ‘ಹೋಗೂಣ’ ಎಂದರೆ ನಗುತ್ತಿದ್ದರಂತೆ. ರಾಜ್ಯ ಒಂದಾಯಿತು. ಅಪ್ಪ ಮಾತ್ರ ಮುಂದೆಯೂ ಹತ್ತು ವರ್ಷ ಹೊಳೆ ಆಚೆಯೋನೇ ಆಗಿದ್ದ. ಅವನಿಗೆ ಕೊನೆಗೆ ಮನೆ ಕೊಟ್ಟದ್ದು ಒಬ್ಬ ವಿಧವೆ. ಯಾಕೆ ಕೊಟ್ಟಳೋ. ‘ಆಕಿ ಬಗ್ಗೆ ಮಂದಿ ಆಗ್ಲೇ ಎಲ್ಲಾ ಅಂದು ಮುಗಿಸಿದ್ರು, ಹೊಸದಾಗಿ ಅನ್ನೂದು ಏನೂ ಉಳಿದಿರಲಿಲ್ಲ’ ಎಂದು ಅಪ್ಪ ಹೇಳುತ್ತಿದ್ದ.

ಅವ್ವ ಸೋಮವಾರ ನಮ್ಮನ್ನು ಹರಿಹರೇಶ್ವರನ ಗುಡಿಗೆ ಕರೆದೊಯ್ಯುತ್ತಿದ್ದಳು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ. ಹರಿಯಿಂದಲೂ ಹರನಿಂದಲೂ ಸಾವಿಲ್ಲವೆಂದು ವರ ಪಡೆದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದೇ ಮೈಯಾದರು ಎಂಬುದು ಕ್ಷೇತ್ರದ ಕಥೆ. ‘ನೈವೇದ್ಯ ಇಬ್ಬರಲ್ಲಿ ಯಾರಿಗವ್ವಾ?’ ಎಂದು ನಾನು ಕೇಳಿದ್ದೆನಂತೆ. ‘ಬಾಯಿ ಒಂದೇ ಅಲ್ಲೇನೋ’ ಎಂದಿದ್ದಳು. ಈಗ ಹೋದಾಗ ನನಗೆ ಬೇರೆಯದೇ ಕಾಣುತ್ತದೆ. ಬಲಭಾಗ ಹರನದೇ, ಎಡಭಾಗ ಹರಿಯದೇ. ನನ್ನ ಹಾಗಾದರೆ ಮಾತ್ರ ಒಳಗೆ ಬಾ ಎಂದು ಹರ ಹರಿಗೆ ಹೇಳಿದಂತೆ ಕಾಣುವುದಿಲ್ಲ. ಶಿಲ್ಪಿಗೆ ಅದು ಸುಲಭದ ಕೆಲಸವಲ್ಲ, ಎರಡನ್ನೂ ಅರೆದು ಮೂರನೆಯದೊಂದು ಮೂರ್ತಿ ಮಾಡುವುದೇ ಸುಲಭವಿತ್ತು.

ನಾವಂತೂ ಹೊರಗಿನವರ ಕೈಯದನ್ನು ಬಾಯಿ ಚಪ್ಪರಿಸಿ ನಮ್ಮದಾಗಿಸಿಕೊಳ್ಳುವುದರಲ್ಲಿ ನಿಸ್ಸೀಮರು. ದಾವಣಗೆರೆಯ ಬೆಣ್ಣೆ ದೋಸೆಯ ಮೂಲ, 1928ರಲ್ಲಿ ಬೆಳಗಾವಿ ಜಿಲ್ಲೆಯ ಬಿಡ್ಕಿಯಿಂದ ಮಕ್ಕಳೊಂದಿಗೆ ಇಲ್ಲಿಗೆ ಬಂದ ಚೆನ್ನಮ್ಮನವರ ಕಾವಲಿ ಎಂಬುದು ಊರಿಗೆಲ್ಲ ಗೊತ್ತಿರುವ ಕಥೆ. ಆ ತಾಯಿಗೆ ಬಾಡಿಗೆ ಮನೆ ಕೊಡುವಾಗ ಏನೇನು ಕೇಳಿದ್ದರೋ, ಕಥೆ ಅದನ್ನು ಹೇಳುವುದಿಲ್ಲ. ‘ಇವನಾರವ’ ವಚನವಂತೂ ನಮ್ಮ ಬೀದಿಯ ಮಕ್ಕಳಿಗೆಲ್ಲ ಬಾಯಿಪಾಠ. ಬಸವ ಜಯಂತಿಗೆ ನಾನೇ ಬಹುಮಾನ ಹಂಚಿದ್ದೇನೆ.

ಮೊನ್ನೆ ತಡೆಯಲಾರದೆ ಪಕ್ಕದ ಮನೆಯ ಹಿರಿಯರ ಬಳಿ ಮಾತು ತೆಗೆದೆ. ಮಣಿಪುರದವನೊಬ್ಬ ಬಂದಿದ್ದ, ಬೀದಿಯವರಿಗೆ ಹ್ಯಾಗೋ ಏನೋ ಅಂತ ಕೊಡಲಿಲ್ಲ ಎಂದೆ. ಅವರು ಮಂಡಕ್ಕಿ ತಿನ್ನುತ್ತಿದ್ದ ಕೈ ನಿಲ್ಲಿಸಿದರು.

‘ಕೊಡಬೇಕಿತ್ತಲ್ರೀ, ನಮಗೇನು ತ್ರಾಸು? ಹೋದ ವರ್ಷ ನಮ್ಮ ಹಿಂದಿನ ರೂಮಿಗೂ ಆ ಕಡೆ ಹುಡುಗೀರು ಇಬ್ರು ಬಂದಿದ್ರು. ಪಾಪ, ಛಲೋ ಹುಡುಗೀರು. ನೀವೇನಂತೀರೋ ಅಂತ ಬ್ಯಾಡ ಅಂದೆ ನೋಡ್ರಿ.’

‘ನಾನಾ?’ ಎಂದೆ.

‘ಮತ್ತೆ? ಬೀದೀಲಿ ಹಿರೇರು ಅಂದ್ರೆ ನೀವಲ್ಲೇನು’ ಎಂದು ಮಂಡಕ್ಕಿಯ ಪುಟ್ಟಿ ನನ್ನ ಕಡೆ ಸರಿಸಿದರು.

ಆ ಹುಡುಗಿಯರು ಈಗ ಎಲ್ಲಿದ್ದಾರೋ. ನನ್ನನ್ನು ಅವರು ನೋಡಿಯೇ ಇಲ್ಲ, ನಾನು ಅವರನ್ನು ನೋಡಿಲ್ಲ. ಆದರೂ ಗೇಟು ತೋರಿಸಿದವನು ನಾನೇ. ಅದೂ ಮನೆಯೊಳಗೆ ಪೇಪರ್ ಓದುತ್ತಾ ಕೂತಲ್ಲಿಂದಲೇ. ಇಷ್ಟು ವರ್ಷ ಯಾರಿಗೆ ಹೆದರುತ್ತಿದ್ದೆನೋ ಆ ನಾಲ್ವರಲ್ಲಿ ಒಬ್ಬನ ಗುರುತು ಹತ್ತಿದಂತಾಯಿತು. ಉಳಿದ ಮೂವರೂ ಇದೇ ಬೀದಿಯಲ್ಲಿ, ನನಗೆ ಹೆದರಿ ಕೂತಿರಬಹುದು.

ನಿನ್ನೆ ರಾತ್ರಿ ಒಸಾಕಾದಿಂದ ಮತ್ತೆ ಕರೆ. ಅದೂ ಇದೂ ಮಾತಾಡಿ ಹುಡುಗ ಕೇಳಿದ: ‘ಮೇಲಿನ ಮನೆಗೆ ಯಾರಾದ್ರೂ ಬಂದಿದ್ರಾ ಮಾಮಾ?’

‘ಇಲ್ಲಪ್ಪಾ’ ಎಂದೆ. ‘ಯಾರೂ ಬಂದಿಲ್ಲ.’